ದೂರದ ಊರಿನ ಬಸುರಿ ಮತ್ತು ಕೈಯಲ್ಲಿರುವ ಫೋನ್

(ಅಬ್ಬಿಗೆರೆಯಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣ ಸಂಘದ ವೇದಿಕೆಯಲ್ಲಿ ಬಸುರಿ ಹೆಂಗಸರ ಮನಸ್ಸಿನ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ವಿದ್ಯೆ ಎಂದರೆ ಅಂಕಪಟ್ಟಿ ಮಾತ್ರವಲ್ಲ. ಓದು ಬಲ್ಲವರು ಓದು ಬಾರದವರ ಕೈ ಹಿಡಿಯಬೇಕಾದ ಜಾಗ ಎಲ್ಲಿದೆ ಎಂದು ಹುಡುಕುವುದೂ ವಿದ್ಯೆಯ ಭಾಗವೇ. ಅಂಥ ಒಂದು ಜಾಗ ನಮ್ಮ ಅಬ್ಬಿಗೆರೆಯಲ್ಲೇ ಇದೆ.

ಹಿಜ್ರತ್‌ನ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಹ. ಅಬೂಬಕರ್ (ರ) ಅವರ ಮಗಳು ಹ. ಅಸ್ಮಾ (ರ) ಮಕ್ಕಾ ಬಿಟ್ಟು ಮದೀನಕ್ಕೆ ಹೊರಟಾಗ ತುಂಬು ಗರ್ಭಿಣಿ. ಮದೀನದ ಅಂಚಿನ ಕುಬಾದಲ್ಲಿ ಅವರಿಗೆ ಹೆರಿಗೆಯಾಯಿತು. ಹುಟ್ಟಿದವರು ಅಬ್ದುಲ್ಲಾ ಬಿನ್ ಝುಬೈರ್ (ರ). ಪ್ರವಾದಿಯವರು (ಸ) ಖರ್ಜೂರ ಅಗಿದು ಮಗುವಿನ ಬಾಯಿಗಿಟ್ಟರು. ವಲಸೆ ಬಂದ ಮುಹಾಜಿರರಿಗೆ ಮದೀನದಲ್ಲಿ ಹುಟ್ಟಿದ ಮೊದಲ ಮಗು ಎಂದು ಎಲ್ಲರೂ ಸಂತೋಷಪಟ್ಟರು. ಪರಊರಿನಿಂದ ಬಂದ ಬಸುರಿಯನ್ನು ಒಂದು ಊರು ತನ್ನವಳೆಂದು ಬರಮಾಡಿಕೊಂಡ ಪ್ರಸಂಗ ಅದು.

ಇಂದು ಆ ಮುಹಾಜಿರರ ಸ್ಥಾನದಲ್ಲಿ ಯಾರಿದ್ದಾರೆ? ಪೀಣ್ಯ, ಜಾಲಹಳ್ಳಿ, ಚಿಕ್ಕಬಾಣಾವರದ ಸುತ್ತಿನ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗಳಿಗೆ, ಕಟ್ಟಡದ ಕೆಲಸಗಳಿಗೆ ಜನ ಬರುತ್ತಲೇ ಇದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿಯವರಿದ್ದಾರೆ. ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಮಿನವರೂ ಇದ್ದಾರೆ. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಗಂಡ ಬೆಳಿಗ್ಗೆ ಪಾಳಿಗೆ ಹೋದರೆ ಬರುವುದು ರಾತ್ರಿ. ಶೀಟಿನ ಮನೆಯಲ್ಲಿ ಆಕೆ ಒಬ್ಬಳೇ. ತವರಿನಲ್ಲಿ ಬಸುರಿಗೆ ತಾಯಿ, ಅತ್ತಿಗೆ, ಓಣಿಯ ಹಿರಿಯಳು ಇರುತ್ತಾರೆ. ಬಯಕೆ ಕೇಳುವವರಿರುತ್ತಾರೆ, ಭಯ ಹೇಳಿಕೊಳ್ಳಲು ಕಿವಿಗಳಿರುತ್ತವೆ. ಇಲ್ಲಿ ಪಕ್ಕದ ಮನೆಯವಳ ಮಾತೂ ಅರ್ಥವಾಗುವುದಿಲ್ಲ.

ಬಸುರಿ, ಬಾಣಂತಿಯರ ಖಿನ್ನತೆ ಅಪರೂಪದ್ದಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಹೆರಿಗೆಯಾದ 100 ತಾಯಂದಿರಲ್ಲಿ ಸುಮಾರು 22 ಮಂದಿ ಖಿನ್ನತೆಗೆ ಒಳಗಾಗುತ್ತಾರೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಸುಮ್ಮಸುಮ್ಮನೆ ಅಳು, ಮಗುವಿನ ಬಗ್ಗೆ ಆಸಕ್ತಿಯೇ ಇಲ್ಲದಿರುವುದು ಇದರ ಲಕ್ಷಣಗಳು. ಎರಡು ವಾರಕ್ಕೂ ಮೀರಿ ಇವು ಉಳಿದರೆ ಅದನ್ನು "ಬಸುರಿಯಲ್ಲಿ ಇದೆಲ್ಲ ಸಹಜ" ಎಂದು ತಳ್ಳಿಹಾಕಬಾರದು.

ನಮ್ಮ ನಡುವೆ ಇನ್ನೊಂದು ಅಡ್ಡಿಯಿದೆ. ಬೇಸರವೆಂದರೆ ಈಮಾನ್ ಸಾಲದು ಎನ್ನುವವರಿದ್ದಾರೆ. ಅವರು ಸೂರಃ ಮರ್ಯಮ್ ಅನ್ನು ಮತ್ತೊಮ್ಮೆ ಓದಲಿ. ಹ. ಮರ್ಯಮ್ (ಅ) ತನ್ನವರಿಂದ ದೂರ, ಒಬ್ಬಂಟಿಯಾಗಿ ಹೆರಿಗೆ ನೋವು ತಿನ್ನುವಾಗ, ಇದಕ್ಕೆ ಮೊದಲೇ ಸಾಯಬಾರದಿತ್ತೇ ಎಂದು ಸಂಕಟಪಟ್ಟರು. ಕುರ್‌ಆನ್ ಆ ಮಾತನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಅವರನ್ನು ಜರೆಯಲೂ ಇಲ್ಲ. ಅವರಿಗೆ ಮೊದಲು ಬಂದದ್ದು ದುಃಖಿಸಬೇಡ ಎಂಬ ಸಾಂತ್ವನ. ನಂತರ ನೀರು, ಆಮೇಲೆ ಖರ್ಜೂರ. ಜನರ ಪ್ರಶ್ನೆಗಳಿಗೆ ಉತ್ತರಿಸುವ ಹೊರೆಯಿಂದಲೂ ಬಿಡುಗಡೆ ಸಿಕ್ಕಿತು. ಬಾಣಂತಿಯ ಮನಸ್ಸಿಗೂ ದೇಹಕ್ಕೂ ಒಟ್ಟಿಗೆ ಆರೈಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಈಗ ಫೋನಿನ ಮಾತಿಗೆ ಬರೋಣ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ 'ಕಿಲ್ಕಾರಿ' ಯೋಜನೆಯಲ್ಲಿ ಬಸುರಿಯ ನಾಲ್ಕನೇ ತಿಂಗಳಿನಿಂದ ಮಗುವಿಗೆ ಒಂದು ವರ್ಷವಾಗುವವರೆಗೆ ವಾರಕ್ಕೊಂದರಂತೆ 72 ಧ್ವನಿ ಕರೆಗಳು ಬರುತ್ತವೆ. ಅಕ್ಷರ ಬೇಡ, ಸ್ಮಾರ್ಟ್ ಫೋನೂ ಬೇಡ. ಕಿವಿ ಇದ್ದರೆ ಸಾಕು. ಹಲವು ರಾಜ್ಯಗಳಲ್ಲಿ ಅದು ನಡೆಯುತ್ತಿದೆ. ಮನಸ್ಸಿನ ಕಷ್ಟಕ್ಕೆ 10 ಅಕ್ಟೋಬರ್ 2022ರಂದು 'ಟೆಲಿ ಮಾನಸ್' ಆರಂಭವಾಯಿತು. ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, 20 ಭಾಷೆಗಳಲ್ಲಿ ಮಾತನಾಡಬಹುದು. ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. 2024ರ ಅಕ್ಟೋಬರ್‌ನಲ್ಲಿ ಇದರ ಆಪ್ ಕೂಡ ಬಂದಿತು. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರ್ಪಡಿಸದೆ ಒಟ್ಟಿಗೇ ದಾಖಲಿಸಿಕೊಳ್ಳುವ ವಿಶೇಷ ವಾರ್ಡ್ 2009ರಿಂದಲೇ ಇದೆ. ಸೌಲಭ್ಯ ನಮ್ಮ ಊರಿನಲ್ಲೇ ಇದೆ. ಅಬ್ಬಿಗೆರೆಯ ಶೀಟಿನ ಮನೆಗೆ ಮಾತ್ರ ಅದರ ಸುದ್ದಿ ತಲುಪಿಲ್ಲ.

ಹಾಗಾದರೆ ಒಂದು ಆಪ್ ಮಾಡಿ ಹಂಚಿದರೆ ಮುಗಿಯಿತೇ? ಇಲ್ಲ. ಭಾಷಾಂತರ ಬೇರೆ, ಅವಳ ಬದುಕಿಗೆ ಒಗ್ಗಿಸುವುದು ಬೇರೆ. ತಾಯಂದಿರ ಖಿನ್ನತೆ ಗುರುತಿಸಲು 1987ರಲ್ಲಿ ಎಡಿನ್‌ಬರೋದಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಜಗತ್ತೆಲ್ಲ ಬಳಸುತ್ತದೆ. ಅದರಲ್ಲಿ, ಎಲ್ಲವೂ ಮೈಮೇಲೆ ಬೀಳುತ್ತಿದೆ ಎಂಬರ್ಥದ ಇಂಗ್ಲಿಷ್ ನುಡಿಗಟ್ಟೊಂದಿದೆ. ಪದಕ್ಕೆ ಪದ ಇಟ್ಟು ಕೇಳಿದರೆ ನಮ್ಮ ಹೆಂಗಸು ತಲೆಯೆತ್ತಿ ಸೂರು ನೋಡುತ್ತಾಳೆ! "ನಿಮಗೆ ಖಿನ್ನತೆ ಇದೆಯೇ?" ಎಂದರೆ ಇಲ್ಲ ಎನ್ನುತ್ತಾಳೆ. "ಎದೆ ಭಾರ ಆಗ್ತದಾ? ಜೀವಕ್ಕೆ ಬ್ಯಾಸರ ಆಗ್ಯಾದಾ?" ಎಂದರೆ ಕಣ್ಣು ತುಂಬಿಕೊಳ್ಳುತ್ತಾಳೆ. ದಖನಿ ಆಡುವವಳಿಗೆ ಪುಸ್ತಕದ ಉರ್ದು ಪರಕೀಯ. ಯಾದಗಿರಿಯವಳಿಗೆ ಬೆಂಗಳೂರಿನ ಕನ್ನಡವೂ ಅಷ್ಟೇ.

ಒಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ರಾವಲ್ಪಿಂಡಿಯ ಹಳ್ಳಿಗಳ ಉದಾಹರಣೆಯಿದೆ. ಡಾ. ಆತಿಫ್ ರಹಮಾನ್ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟರು. ಅವರು ರೋಗದ ಮಾತೆತ್ತದೆ, ಮಗುವಿನ ಕ್ಷೇಮದ ಮಾತಿನಿಂದ ಆರಂಭಿಸಿ, ಮನೆಯವರನ್ನೂ ಜೊತೆಗಿಟ್ಟುಕೊಂಡು ತಾಯಿಯೊಡನೆ ಮಾತನಾಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಆರು ತಿಂಗಳ ನಂತರ ಈ ನೆರವು ಪಡೆದವರಲ್ಲಿ ಶೇ. 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು, ಪಡೆಯದವರಲ್ಲಿ ಶೇ. 53. ಈ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೈಪಿಡಿಯಾಗಿ ಹೊರತಂದಿತು. ಮುಂದೆ ಇದನ್ನು ಟ್ಯಾಬ್ಲೆಟ್‌ನ ಆಪ್ ಆಗಿಯೂ ರೂಪಿಸಿದರು. ಪರದೆಯ ಮೇಲಿನ ಪಾತ್ರಗಳು ಅವಳ ಭಾಷೆಯಲ್ಲಿ ಮಾತನಾಡುತ್ತವೆ. ಪಕ್ಕದಲ್ಲಿ ಅದೇ ಊರಿನ ಹೆಣ್ಣುಮಗಳೊಬ್ಬಳು ಕುಳಿತಿರುತ್ತಾಳೆ. ಆ ಪಕ್ಕದಲ್ಲಿ ಕೂರುವವಳನ್ನು ಮರೆತರೆ ಆಪ್ ಬರೀ ಆಟಿಕೆ.

ಇನ್ನೆರಡು ಎಚ್ಚರಿಕೆಗಳು. ಮೊದಲನೆಯದು, ಫೋನ್ ಯಾರದ್ದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಹೊಂದಿರುವ ಮಹಿಳೆಯರು ಶೇ. 54 ಮಾತ್ರ. ಗಂಡನ ಫೋನಿನಲ್ಲಿ ಬಂದ ಸಂದೇಶ ಗಂಡನ ಕಣ್ಣಿಗೇ ಮೊದಲು ಬೀಳುತ್ತದೆ. ಹೊಡೆತ ತಿನ್ನುವ ಮನೆಯಲ್ಲಿ ಅದೇ ಇನ್ನೊಂದು ಹೊಡೆತಕ್ಕೆ ಕಾರಣವಾದೀತು. ಆದ್ದರಿಂದ ಕರೆಯ ಹೊತ್ತನ್ನು ಅವಳೇ ಆರಿಸಬೇಕು. ಎರಡನೆಯದು ಗುಟ್ಟು. ಹೆಸರು ವಿಳಾಸ ಕೊಟ್ಟರೆ ಯಾರಾದರೂ ಬಂದು ಕಾಗದಪತ್ರ ಕೇಳಿಯಾರೆಂಬ ಭಯ ಬಂಗಾಳಿ ಮಾತನಾಡುವ ಬಡ ಮುಸ್ಲಿಂ ಹೆಂಗಸಿಗೆ ಇದೆ. ಅವಳು ಹೇಳಿದ್ದು ಎಲ್ಲಿಗೂ ಹೋಗದೆಂಬ ಭರವಸೆ ಇಲ್ಲದೆ ಅವಳು ಬಾಯಿ ಬಿಡಲಾರಳು.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಕೆಲಸವಿದೆ. ನಮ್ಮ ಸುತ್ತಿನ ನರ್ಸಿಂಗ್ ಕಾಲೇಜುಗಳಲ್ಲಿ ಬಂಗಾಳಿ, ಅಸ್ಸಾಮಿ ಬಲ್ಲವರಿದ್ದಾರೆ. ಕಂಪ್ಯೂಟರ್ ಓದುವವರೂ ನಮ್ಮಲ್ಲಿದ್ದಾರೆ. ಎರಡೆರಡು ನಿಮಿಷದ ಧ್ವನಿ ಸಂದೇಶಗಳನ್ನು ದಖನಿಯಲ್ಲಿ, ಬಂಗಾಳಿಯಲ್ಲಿ, ಒಡಿಯಾದಲ್ಲಿ, ಕಲಬುರಗಿಯ ಕನ್ನಡದಲ್ಲಿ ಸಿದ್ಧಪಡಿಸಿ. ತಿಳಿದ ವೈದ್ಯರಿಂದ ತಿದ್ದಿಸಿ. ಹಂಚುವ ಮೊದಲು ಆ ತಾಯಂದಿರಿಗೇ ಕೇಳಿಸಿ. ಹೆಣ್ಣುಮಕ್ಕಳು ಆಶಾ ಕಾರ್ಯಕರ್ತೆಯ ಜೊತೆ ಹೋಗಿ ತಾಯಿ ಕಾರ್ಡ್ ಆಗಿದೆಯೇ ಎಂದು ವಿಚಾರಿಸಿ, 14416ಕ್ಕೆ ಕರೆ ಮಾಡಿಕೊಟ್ಟು ಹೊರಗೆ ಕಾದು ಕುಳಿತರೂ ಅದು ದೊಡ್ಡ ಸೇವೆ. ಆದರೆ ನೀವು ವೈದ್ಯರಲ್ಲ. ಸಾಯಬೇಕೆನಿಸುತ್ತದೆ ಎಂದು ಅವಳು ಹೇಳಿದರೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎಂದರೆ, ಉಪದೇಶಕ್ಕೆ ಕೂರದೆ, ಒಬ್ಬಳನ್ನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸಂಘದ ಹಿರಿಯರಲ್ಲಿ ಒಂದು ಕೋರಿಕೆ. ವಾರಕ್ಕೊಂದು ಮಧ್ಯಾಹ್ನ ಸಂಘದ ಒಂದು ಕೋಣೆಯನ್ನು ಈ ಹೆಂಗಸರಿಗೆ ಬಿಟ್ಟುಕೊಡಿ. ಜಾತಿ, ಮತ ಕೇಳುವುದು ಬೇಡ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಂದು ಲೋಟ ಚಹಾ ಕುಡಿದು, ತನ್ನ ಭಾಷೆಯಲ್ಲಿ ಒಂದು ಗಂಟೆ ಮಾತನಾಡಿ ಹೋಗುವಂತಾಗಲಿ. ಫೋನ್ ಅವಳನ್ನು ಆ ಕೋಣೆಯವರೆಗೆ ಕರೆತಂದರೆ ಅದು ತನ್ನ ಕೆಲಸ ಮಾಡಿದಂತೆ. ಮದೀನದ ಅನ್ಸಾರರಿಗೆ ಒದಗಿದ್ದ ಅವಕಾಶವೇ ಇಂದು ಅಬ್ಬಿಗೆರೆಯವರಿಗೆ ಒದಗಿದೆ. ಅದನ್ನು ಉಪಯೋಗಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್. ವಸ್ಸಲಾಮ್.