ಮುಚ್ಚಿಟ್ಟರೆ ಹುಡುಗ ಉಳಿಯೋದಿಲ್ಲ



ಬ್ರೌನ್ ಶುಗರ್ ಎಂದ ಕೂಡಲೇ ನಮಗೆ ಪೊಲೀಸ್ ಜೀಪು ನೆನಪಾಗುತ್ತದೆ, ಆಸ್ಪತ್ರೆ ನೆನಪಾಗುವುದಿಲ್ಲ. ಅನಾಹುತ ಶುರುವಾಗುವುದೇ ಇಲ್ಲಿ. ಮಗ ಚಟಕ್ಕೆ ಬಿದ್ದದ್ದು ಗೊತ್ತಾದರೆ ಅಪ್ಪ ಬಡಿದು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅಮ್ಮ ನೆಂಟರಿಗೆ ‘ಜ್ವರ’ ಎನ್ನುತ್ತಾಳೆ.

ದಿಢೀರನೆ ನಿಂತರೆ ಮೈಕೈ ನೋವು, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. ಹೇಗೋ ತಿಂಗಳು ತಳ್ಳಿದ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ದೇಹ ಹಳೆಯ ಡೋಸು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಹೊರಗೆ ಬಂದವನು ಮತ್ತೆ ಅದೇ ಅಳತೆ ತೆಗೆದುಕೊಂಡರೆ ಉಸಿರೇ ನಿಂತೀತು. ಬಿಟ್ಟೆ ಅಂದವನು ಸಾಯುವುದು ಹೀಗೆ!

ಇನ್ನು ಕಾನೂನು. 1985ರ ಮಾದಕವಸ್ತು ಕಾಯ್ದೆ ಸೇವನೆಗೂ ಶಿಕ್ಷೆ ಇಟ್ಟಿದೆ, ನಿಜ. ಅದರ 64ಎ ಕಲಮನ್ನು ಮಾತ್ರ ಯಾರೂ ಹೇಳುವುದಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಅರ್ಧಕ್ಕೇ ಓಡಿದರೆ ಆ ರಕ್ಷಣೆ ಹೋದೀತು. ಮಾರುವ ಧಣಿಗಳಿಗೆ ಈ ದಯೆ ಇಲ್ಲ, ಇರಲೂ ಬಾರದು.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗವಿದೆ. ವ್ಯಸನಮುಕ್ತಿ ಸಹಾಯವಾಣಿ 14446, ಕಾಸು ಬೇಡ. ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕಷ್ಟ ಹೇಳಿಕೊಳ್ಳಲು ತಾಯ್ನುಡಿ ಬೇಕಲ್ಲವೇ? ಚಟಕ್ಕೆ ಬಿದ್ದ ನಿಮ್ಮ ಗೆಳೆಯ ನಾಲ್ಕು ದಿನದಿಂದ ಕಾಣದಿದ್ದರೆ ಇವತ್ತು ಸಂಜೆಯೇ ಅವನ ಮನೆ ಬಾಗಿಲು ತಟ್ಟಿ.