ಹತ್ತು ರೂಪಾಯಿಯ ಪಾಲು

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಸಭೆಗೆ ಬರುವ ದಾರಿಯಲ್ಲಿ ಕಿರಾಣಿ ಅಂಗಡಿಯ ಮಿತ್ರರೊಬ್ಬರು ನನ್ನನ್ನು ನಿಲ್ಲಿಸಿ, "ಬಡವರಿಗೆ ನೆರವಾಗುವ ಸಂಘಗಳ ಬಗ್ಗೆ ಮಾತಾಡುತ್ತೀರಂತೆ, ದಾನಿಗಳನ್ನು ಹೊಗಳುತ್ತೀರೇನು?" ಎಂದು ಕೇಳಿದರು. ಇಲ್ಲ. ದಾನಿಗಳ ಹೆಸರು ಧರ್ಮಶಾಲೆಯ ಗೋಡೆಯ ಕಲ್ಲಿನಲ್ಲಿ ಆಗಲೇ ಕೆತ್ತಿದೆ. ನಾನು ಹೇಳಬಂದಿರುವುದು ಬಡವರೇ ತಮ್ಮ ಕಾಸನ್ನು ಕೂಡಿಸಿ ಕಟ್ಟಿಕೊಂಡ ಒಂದು ಸಂಸ್ಥೆಯ ಸಂಗತಿ.

ಅದು ಅಹಮದಾಬಾದಿನದು. ಗಿರಣಿಯವರಿಗೆ ಆ ಊರಿನ ಪರಿಚಯ ಹೇಳಬೇಕಾಗಿಲ್ಲ. 1918ರಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ನೇಕಾರರ ಮುಷ್ಕರ ನಡೆದದ್ದು ಅಲ್ಲಿ, 1920ರಲ್ಲಿ ಮಜೂರ್ ಮಹಾಜನ ಎಂಬ ಬಲವಾದ ಕಾರ್ಮಿಕ ಸಂಘ ಹುಟ್ಟಿದ್ದೂ ಅಲ್ಲಿಯೇ. ಆದರೆ ಆ ಊರಿನಲ್ಲಿ ಯಾವ ಗಿರಣಿಯ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದ ಸಾವಿರಾರು ಹೆಂಗಸರಿದ್ದರು. ಕಾಯಿಪಲ್ಯ ಮಾರುವವರು, ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊರುವವರು, ಕೈಗಾಡಿ ಎಳೆಯುವವರು, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು. ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದ ವಕೀಲೆ ಇಳಾ ಭಟ್ ಅವರು 1972ರಲ್ಲಿ ಇವರನ್ನು ಕೂಡಿಸಿ 'ಸೇವಾ' ಎಂಬ ಸಂಘ ಕಟ್ಟಿದರು. ನೋಂದಣಿಗೆ ಹೋದರೆ ಸರಕಾರದ ಅಧಿಕಾರಿಗಳು, ನಿಮಗೆ ಮಾಲಕನೇ ಇಲ್ಲವಲ್ಲ, ಯಾರ ವಿರುದ್ಧ ಸಂಘ ಎಂದು ಪ್ರಶ್ನಿಸಿದರು. ಸಂಘವೆಂದರೆ ಒಬ್ಬರ ವಿರುದ್ಧ ಅಂತಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಎಂಬುದು ಇವರ ಉತ್ತರ. ಕೊನೆಗೆ ನೋಂದಣಿ ಆಯಿತು.

ಈಗ ಲೆಕ್ಕಕ್ಕೆ ಬರೋಣ. ಕಾಯಿಪಲ್ಯದ ಹೆಂಗಸು ಬೆಳಗಿನಲ್ಲಿ ಸಾಹುಕಾರನಿಂದ 50 ರೂಪಾಯಿ ತಂದು ಸಂಜೆಗೆ 55 ರೂಪಾಯಿ ಮರಳಿಸಬೇಕಾಗಿತ್ತು. ಐದು ರೂಪಾಯಿ ತಾನೇ ಎಂದು ನೀವು ಅನ್ನಬಹುದು. ವರ್ಷಕ್ಕೆ 300 ದಿನ ವ್ಯಾಪಾರವೆಂದು ಹಿಡಿಯಿರಿ, ಬಡ್ಡಿಯೊಂದೇ 1,500 ರೂಪಾಯಿ! ಅಸಲು ಮಾತ್ರ ಅದೇ 50. ನಮ್ಮ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂಡುವ ತಾಯಂದಿರನ್ನು ಕೇಳಿ ನೋಡಿರಿ, ಈ ಲೆಕ್ಕವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಗಿತ್ತು, ಬಡವರಿಗೆ ಸಾಲ ಕೊಡಿರೆಂದು ಆಜ್ಞೆಯೂ ಇತ್ತು. ಆದರೆ ಕಂಕುಳಲ್ಲಿ ಕೂಸು ಹೊತ್ತು, ಮಾಸಿದ ಸೀರೆಯಲ್ಲಿ ಬಂದ ಹೆಂಗಸಿಗೆ ಬ್ಯಾಂಕಿನ ಗುಮಾಸ್ತ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆಕೆಗೆ ಬಿಡುವಾಗುವ ಹೊತ್ತಿಗೆ ಬ್ಯಾಂಕಿನ ಬಾಗಿಲು ಮುಚ್ಚಿರುತ್ತಿತ್ತು. ಹಾಗಾದರೆ ನಮ್ಮದೇ ಬ್ಯಾಂಕು ಏಕಾಗಬಾರದು ಎಂಬ ಮಾತು ಸಭೆಯಲ್ಲಿ ಆ ಹೆಂಗಸರಿಂದಲೇ ಎದ್ದಿತು. ಹಣವೆಲ್ಲಿದೆ ಎಂದಾಗ, ಬಡವರಾದರೇನು, ನಾವು ಬಹಳ ಮಂದಿ ಇದ್ದೇವಲ್ಲ ಎಂದು ಒಬ್ಬಾಕೆ ಹೇಳಿದಳಂತೆ. ತಲಾ 10 ರೂಪಾಯಿಯ ಪಾಲು ಹಾಕಿ 4,000 ಹೆಂಗಸರು ಮುಂದೆ ಬಂದರು.

ಆಗ ಮತ್ತೊಂದು ತಡೆ ಬಂತು. ಅಕ್ಷರ ಬಾರದವರು ಬ್ಯಾಂಕು ಹೇಗೆ ನಡೆಸುತ್ತಾರೆ, ಸಹಿ ಮಾಡಲೂ ಬರುವುದಿಲ್ಲವಲ್ಲ ಎಂದು ಅಧಿಕಾರಿಗಳು ಕಾಗದವನ್ನು ಬದಿಗಿಟ್ಟರು. ಸ್ಥಾಪಕ ಸದಸ್ಯೆಯರು ಒಂದು ರಾತ್ರಿ ನಿದ್ದೆಗೆಟ್ಟು ಕುಳಿತು ತಮ್ಮ ಹೆಸರನ್ನು ಬರೆಬರೆದು ಕಲಿತರು. ಗಾಡಿ ಎಳೆದು ಗಂಟುಕಟ್ಟಿದ ಬೆರಳುಗಳಿಗೆ ಸೀಸಕಡ್ಡಿ ಹಿಡಿಯುವುದು ಎಂಥ ಕಷ್ಟವೆಂದು ಹತ್ತಿ ಹಿಂಜುವ ಯಂತ್ರದ ಮುಂದೆ ನಿಂತವರಿಗೆ ತಿಳಿದೀತು. ಮರುದಿನ ಒಬ್ಬರೂ ತಪ್ಪದೆ ಸಹಿ ಹಾಕಿದರು. 1974ರಲ್ಲಿ ಬ್ಯಾಂಕು ತೆರೆಯಿತು. ಖಾತೆದಾರಳ ಗುರುತಿಗೆ ಪಾಸ್‌ಬುಕ್ಕಿನಲ್ಲಿ ಆಕೆಯ ಭಾವಚಿತ್ರ ಅಂಟಿಸಿದರು. ಬ್ಯಾಂಕಿನವರೇ ಮನೆಬಾಗಿಲಿಗೆ, ಮಾರುಕಟ್ಟೆಗೆ ಹೋಗಿ ಉಳಿತಾಯದ ಹಣ ಕೂಡಿಸಿದರು. ಒತ್ತೆ ಇಟ್ಟ ಒಡವೆಗಳು ಸಾಹುಕಾರನ ಪೆಟ್ಟಿಗೆಯಿಂದ ಹೊರಬಂದವು. 1980ರ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದರ ಹಿಂದೊಂದು ಮುಚ್ಚಿ ಗಂಡಸರು ಬೀದಿಗೆ ಬಿದ್ದಾಗ, ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಈ ಹೆಂಗಸರ ದುಡಿಮೆಯಿಂದ. ಬ್ಯಾಂಕು ಇಂದಿಗೂ ನಡೆದಿದೆ.

ಒಂದು ಕಹಿ ಮಾತನ್ನೂ ಮುಚ್ಚಿಡಬಾರದು. 1981ರಲ್ಲಿ ಗುಜರಾತಿನಲ್ಲಿ ಮೀಸಲಾತಿ ವಿರೋಧಿ ಚಳವಳಿ ಎದ್ದಾಗ ಇಳಾ ಭಟ್ ದಲಿತರ ಪರವಾಗಿ ಮಾತಾಡಿದರು. ಅದೇ ವರ್ಷ ಮಜೂರ್ ಮಹಾಜನವು ಅವರನ್ನೂ ಸೇವಾವನ್ನೂ ಹೊರಹಾಕಿತು. ಕಾರ್ಮಿಕ ಸಂಘವೂ ಒಮ್ಮೊಮ್ಮೆ ತನಗಿಂತ ಬಡವರಾದವರಿಗೆ ಯಜಮಾನನಾಗಿಬಿಡುತ್ತದೆ. ನಮ್ಮಲ್ಲಿ ಕಾಯಂ ನೌಕರರು ಗುತ್ತಿಗೆಯವರನ್ನು ನೋಡುವ ರೀತಿಯನ್ನು ನೆನೆಸಿಕೊಳ್ಳಿರಿ.

ಇನ್ನು ನಮ್ಮ ನೆಲದ ಮಾತು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಾಕಿಯಿಂದ ರೈತನನ್ನು ಬಿಡಿಸುವ ಆ ಕೆಲಸ ದೇಶದ ಮೊದಮೊದಲಿನವುಗಳಲ್ಲಿ ಒಂದು. ಅಂಥ ನಾಡಿನಲ್ಲಿ ಇಂದು ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿಯವರು ಬಾಗಿಲಿಗೆ ಬಂದು ಕುಳಿತುಕೊಳ್ಳುತ್ತಾರೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅವರೂ ಹೆಂಗಸರ ಗುಂಪು ಕಟ್ಟಿಸುತ್ತಾರೆ, ಅವರೂ ಮನೆಬಾಗಿಲಿಗೇ ಬರುತ್ತಾರೆ. ಹಾಗಾದರೆ ಅಹಮದಾಬಾದಿಗೂ ಇದಕ್ಕೂ ವ್ಯತ್ಯಾಸವೇನು? ಅಲ್ಲಿ ಬಡ್ಡಿಯ ಲಾಭ ಸಾಲಗಾರಳದೇ ಸಂಸ್ಥೆಗೆ ಸೇರುತ್ತದೆ, ಇಲ್ಲಿ ಎಂದೂ ಮುಖ ಕಾಣದ ಬಂಡವಾಳಗಾರರಿಗೆ. ಅಲ್ಲಿ ಆಡಳಿತ ಮಂಡಳಿಯನ್ನು ಆರಿಸುವವಳು ಆಕೆ, ಇಲ್ಲಿ ಆಕೆಯದು ಹೆಬ್ಬೆಟ್ಟು ಮಾತ್ರ.

ಆದರೆ ಸಂಘ ನಮ್ಮದೆಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಇದನ್ನು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಹಿಂದೆ ಒಂದು ಕಾರ್ಮಿಕರ ಪತ್ತಿನ ಸಂಘದಲ್ಲಿ ನಾನು ಆಡಳಿತ ಮಂಡಳಿಯ ಸದಸ್ಯನಾಗಿದ್ದೆ. ಕಾರ್ಯದರ್ಶಿ ಪುಸ್ತಕ ತಂದು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುತ್ತಿದ್ದೆ, ಓದುತ್ತಿರಲಿಲ್ಲ. ಓದಲು ಬಾರದ ಹೆಂಗಸರು ಸಹಿಗಾಗಿ ರಾತ್ರಿಯಿಡೀ ಕುಳಿತರು, ಓದಲು ಬರುವ ನಾನು ಐದು ನಿಮಿಷ ಕೂಡಲಿಲ್ಲ. ನಾಲ್ಕಾರು ಜನರಿಗೇ ಸಾಲ ಹೋಗಿ ಅದು ಬಾರದೆ ಉಳಿದಾಗ, ಮಗಳ ಮದುವೆಗೆಂದು ಠೇವಣಿ ಇಟ್ಟಿದ್ದ ಒಬ್ಬ ಹಮಾಲ ನನ್ನ ಮನೆಗೆ ಬಂದು ಬಾಗಿಲಲ್ಲಿ ನಿಂತ. ಬೈಯಲಿಲ್ಲ. ಸಹಿ ನಿಮ್ಮದೇ ಅಲ್ಲವೇ ಅಣ್ಣಾ, ಎಂದಷ್ಟೇ ಕೇಳಿದ.

ಅಂಗಡಿಕಾರ ಮಿತ್ರರಿಗೆ ಒಂದು ಮಾತು. ಕಾರ್ಮಿಕನಿಗೆ ಸಂಘದಿಂದ ಸಾಲ ಸಿಕ್ಕರೆ ನಿಮ್ಮ ಉದ್ರಿ ಗಿರಾಕಿ ಕೈತಪ್ಪುತ್ತಾನೆಂಬ ಅಂಜಿಕೆ ನಿಮ್ಮಲ್ಲಿದೆ. ಉದ್ರಿ ಪುಸ್ತಕ ತೆರೆದು ನೋಡಿರಿ, ಅದರಲ್ಲಿ ಎಷ್ಟು ಬಾಕಿ ಬಂದೀತು? ಸಗಟು ವ್ಯಾಪಾರಿಗೆ ನೀವು ಕಟ್ಟುವ ಬಡ್ಡಿ ಎಷ್ಟು? ರೊಕ್ಕ ಹಿಡಿದು ಬರುವ ಗಿರಾಕಿ ನಿಮಗೂ ಬೇಕು. ಸಂಘದಲ್ಲಿ ನೀವೂ ಪಾಲುದಾರರಾಗಿರಿ.

ಪ್ರತಿಯೊಂದು ಸಹಕಾರ ಸಂಘದ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ತಿಂಗಳೊಳಗೆ ನಡೆಯಬೇಕು. ನೋಟೀಸು ಬರುತ್ತದೆ, ಉಪ್ಪಿಟ್ಟು ಚಹಾ ಕೊಡುತ್ತಾರೆ. ಅದು ಮುಗಿದೊಡನೆ ಎದ್ದು ಹೋಗಬೇಡಿರಿ. ಅಢಾವೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿರಿ. ಬಾರದ ಸಾಲವೆಷ್ಟು, ಅದರಲ್ಲಿ ಆಡಳಿತ ಮಂಡಳಿಯವರದೆಷ್ಟು, ಅವರ ನೆಂಟರದೆಷ್ಟು ಎಂದು ಕೇಳಿರಿ. ನಮ್ಮ ಓಣಿಯ ಹೊಸ ಸಂಘದ ಪಾಲಿನ ಪುಸ್ತಕ ಈ ಮೇಜಿನ ಮೇಲಿದೆ. ಹೆಸರು ಬರೆಸುವವರು ಮೊದಲು ಅದರ ನಿಯಮಗಳನ್ನು ಓದಿರಿ. ಓದಲು ಬಾರದವರು ಹಿಂದೆ ನಿಲ್ಲಬೇಡಿರಿ, ನಾನು ಇಲ್ಲಿಯೇ ಕುಳಿತು ಓದಿ ಹೇಳುತ್ತೇನೆ.