ಎತ್ತಿನ ಮರೆಯಲ್ಲಿ ಬಂದವರು

ವೀಕ್ಷಕರೇ, ಆಳಂದ ತಾಲೂಕಿನ ಜಿಡಗಾ ಅಂದ್ರೆ ನಿಮಗೆ ಮಠ ನೆನಪಾಗುತ್ತೆ. ನಾನಿವತ್ತು ಹೇಳ್ತಿರೋದು ಆ ಭಾಗದ ಹೊಲದ ಮಾತು. ಕಪ್ಪು ಮಣ್ಣು, ಕಣ್ಣು ಹಾಯಿಸಿದಷ್ಟೂ ತೊಗರಿ. ಪೈರು ಗೇಣುದ್ದ ಇರುವಾಗ ಅಲ್ಲಿ ಮನುಷ್ಯ ಅಡಗೋಕೆ ಜಾಗವೇ ಇಲ್ಲ. ಕೃಷ್ಣಮೃಗದ ಹಿಂಡು ಇಳಿಯೋದು ಆಗಲೇ. ರೈತ ಕೂಗಿದ್ರೆ ಸ್ವಲ್ಪ ದೂರ ಓಡಿ, ತಿರುಗಿ ನಿಂತು ನೋಡುತ್ತೆ.

ಇಂಥ ಬಯಲಲ್ಲಿ ಬಿಲ್ಲು ಹಿಡಿದವನು ಜಿಂಕೆಯನ್ನ ಮುಟ್ಟೋದು ಹೇಗೆ? ಓದಿದ್ದು ಇಂಜಿನಿಯರಿಂಗ್, ಲೆಕ್ಕ ಹಾಕದೆ ನನಗೆ ಸಮಾಧಾನ ಇಲ್ಲ. ಈಗಿನ ಒಳ್ಳೆಯ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ಹೋಗುತ್ತೆ. ಹೆದೆಯ ಸದ್ದು 340 ಮೀಟರ್. ಅಂದ್ರೆ 30 ಮೀಟರ್ ದೂರದ ಜಿಂಕೆಗೆ ಮೊದಲು ಸದ್ದು ಕೇಳುತ್ತೆ, ಕಾಲು ಸೆಕೆಂಡ್ ಬಿಟ್ಟು ಬಾಣ ಬರುತ್ತೆ. ಅಷ್ಟರಲ್ಲಿ ಅದು ಜಿಗಿದಿರುತ್ತೆ. ಹಾಗಾಗಿ ಬಿಲ್ಲಿನ ಬೇಟೆಯಲ್ಲಿ ಗುರಿ ಆಮೇಲೆ, ಮರೆ ಮೊದಲು. ಅಮೆರಿಕದಲ್ಲಿ ಪರವಾನಗಿ ತಗೊಂಡು ಬೇಟೆಗೆ ಹೋಗೋರು ಗಾಳಿಯ ದಿಕ್ಕು ನೋಡಿ ಮರದ ಮೇಲೆ ಗಂಟೆಗಟ್ಟಲೆ ಕೂರ್ತಾರೆ. ಮರವೇ ಇಲ್ಲದ ನಮ್ಮ ಬಯಲಲ್ಲಿ?

ಇಲ್ಲಿಯವರು ನಡೆದಾಡೋ ಮರೆಯನ್ನೇ ಮಾಡಿಕೊಂಡ್ರು. ಪಳಗಿಸಿದ ಎತ್ತು. ಹರಣಶಿಕಾರಿ ಅಥವಾ ಪಾರ್ಧಿ ಅಂತ ಕರೀತೀವಲ್ಲ, ಹರಣ ಅಂದ್ರೆ ಜಿಂಕೆ, ಆ ಸಮುದಾಯದ ಬೇಟೆಗಾರ ಎತ್ತಿನ ಮಗ್ಗುಲಿಗೆ ಬಾಗಿ ನಡೀತಿದ್ದ. ಎತ್ತು ಮೇಯ್ತಾ ಹೋಗುತ್ತೆ, ಜಿಂಕೆ ಅದನ್ನ ದಿನಾ ನೋಡಿರುತ್ತೆ, ಹೆದರಲ್ಲ. ಅವರ ಮುಖ್ಯ ಸಾಧನ ಬಿಲ್ಲಿಗಿಂತ ಉರುಲು. ಎಷ್ಟು ತಾಳ್ಮೆ ಬೇಕು ಯೋಚಿಸಿ! ಎತ್ತಿನ ನಡಿಗೆಗಿಂತ ಒಂದು ಹೆಜ್ಜೆ ಜೋರಾದ್ರೂ ಹಿಂಡು ಮಾಯ.

ಇದು ಕೀಳು ಕಸುಬು ಅನ್ನೋರಿಗೆ ಒಂದು ಮಾತು. ಪಕ್ಕದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಬೇಟೆ ರಾಜನ ವಿನೋದ. ಕೃತಿ 1129ರದ್ದು. ರಾಜ ಮಾಡಿದ್ರೆ ವಿನೋದ, ಹೊಟ್ಟೆಪಾಡಿಗೆ ಮಾಡಿದವರಿಗೆ? ಬ್ರಿಟಿಷರ 1871ರ ಕಾಯ್ದೆ ಇಡೀ ಬುಡಕಟ್ಟುಗಳನ್ನೇ ಹುಟ್ಟಿನಿಂದ ಅಪರಾಧಿ ಅಂದುಬಿಡ್ತು. ಪಾರ್ಧಿಗಳಿಗೂ ಆ ಹಣೆಪಟ್ಟಿ ಬಿತ್ತು. ಜಿಂಕೆಯಿಂದ ಅಡಗ್ತಿದ್ದವರು ಪೊಲೀಸರಿಂದ ಅಡಗೋ ಹಾಗಾಯ್ತು. 1952ರಲ್ಲಿ ಆ ಕಾನೂನು ಹೋಯ್ತು. ಅನುಮಾನ ಹೋಗಲಿಲ್ಲ.

ನನ್ನಿಂದಲೂ ಹೋಗಿರಲಿಲ್ಲ. ಕೃಷ್ಣಮೃಗ ಕೊಂದ ಸುದ್ದಿಯೊಂದನ್ನ ಓದುವಾಗ, ಆರೋಪಿಗಳು ಯಾರು ಅಂತ ಗೊತ್ತಾಗೋ ಮೊದಲೇ, "ಬೇಟೆಗಾರ ಸಮುದಾಯದವರ ಕೈವಾಡ" ಅಂತ ನಾನೇ ಸೇರಿಸಿಬಿಟ್ಟೆ. ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಬಂದವರು ಕಾರು, ಸರ್ಚ್‌ಲೈಟು, ಬಂದೂಕು ಇದ್ದವರು. ಎತ್ತಿನ ಮರೆ ಅವರಿಗೇಕೆ, ಕತ್ತಲೇ ಸಾಕು.

ಕಾಯ್ದೆ ಈಗ ಗಟ್ಟಿಯಾಗಿದೆ, ಸರಿಯೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲ ಪಟ್ಟಿಯಲ್ಲಿದೆ. ಕೊಂದರೆ 3ರಿಂದ 7 ವರ್ಷ ಜೈಲು. ಉರುಲು ಹಾಕಿದ್ರೂ, ಬರೀ ಪ್ರಯತ್ನ ಮಾಡಿದ್ರೂ ಅದು ಬೇಟೆಯೇ. ಮೊಳಕೆ ಕಳ್ಕೊಂಡ ತೊಗರಿ ರೈತನೂ ರಾತ್ರಿ ಹೊಲದಲ್ಲಿ ಕಾವಲು ಕೂರ್ತಾನೆ, ಕೈಯಲ್ಲಿ ತಗಡಿನ ಡಬ್ಬಿ. ಅವನ ನಷ್ಟದ ಬಗ್ಗೆ ಇನ್ನೊಂದು ದಿನ ಪೂರ್ತಿ ಮಾತಾಡೋಣ, ಅರ್ಧ ನಿಮಿಷದಲ್ಲಿ ಮುಗಿಸೋ ವಿಷಯ ಅಲ್ಲ ಅದು.

ಆ ತಪ್ಪಿಗೆ ಮರುದಿನ ತಿದ್ದುಪಡಿ ಓದಿದೆ. ಎರಡು ಸಾಲು, ರಾತ್ರಿ ಹನ್ನೊಂದೂವರೆಗೆ. ಆರೋಪ ಮಾಡಿದ್ದು ಮಾತ್ರ ಒಂಬತ್ತರ ಪ್ರೈಮ್ ಟೈಮಿನಲ್ಲಿ. ಅದಕ್ಕೇ ಇವತ್ತು ಅದೇ ಒಂಬತ್ತಕ್ಕೆ ಕೂತು ಇಷ್ಟೂ ಹೇಳಿದ್ದು.